ಸುಣ್ಣದಕಲ್ಲಿನ ಮೇಲಿನ ಕೆರೆ ಬರಿದಾಗುತ್ತಿದ್ದರೆ: ದೋಷ ನೆಲದ್ದೋ, ಅಳತೆಯದ್ದೋ?

ಮುಧೋಳದಿಂದ ಲೋಕಾಪುರದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಎರೆಹೊಲ. ಆ ಕಪ್ಪು ಮಣ್ಣಿನ ಕೆಳಗೆ, ಕೆಲವು ಕಡೆ ಎರಡಾಳು ಅಗೆದರೆ ಸಾಕು, ಸುಣ್ಣದಕಲ್ಲು ಸಿಗುತ್ತದೆ. ಸಿಮೆಂಟ್ ಕಾರ್ಖಾನೆಗಳು ಬಾಗಲಕೋಟೆ ಸೀಮೆಗೆ ಬಂದದ್ದು ಆ ಕಲ್ಲಿಗಾಗಿಯೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಕಲಾದಗಿಯ ಹೆಸರಿಟ್ಟು ವಿವರಿಸಿದ ಶಿಲಾಶ್ರೇಣಿ ಇದು. ಬೆಣಚುಕಲ್ಲು, ಜೇಡಿ ಗಟ್ಟಿಯಾಗಿ ಆದ ಶೇಲ್, ಸುಣ್ಣದಕಲ್ಲು, ಡಾಲಮೈಟ್ ಇಲ್ಲಿ ಪದರದ ಮೇಲೆ ಪದರವಾಗಿ ಕೂತಿವೆ. ಮಳೆನೀರು ಮಣ್ಣಿನಲ್ಲಿಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಸುಣ್ಣದಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಬಿರುಕು ಅಗಲವಾಗುತ್ತದೆ, ಮೇಲಿನ ಮಣ್ಣು ಅದರೊಳಗೆ ಇಳಿಯುತ್ತದೆ, ಒಂದು ದಿನ ಮುಚ್ಚಳ ಕುಸಿದು ನೀರು ತನ್ನ ದಾರಿ ತಾನು ಕಂಡುಕೊಳ್ಳುತ್ತದೆ. ಇಂಥ ನೆಲಕ್ಕೆ ಕಾರ್ಸ್ಟ್ ಎಂದು ಹೆಸರು.

ಸ್ಲೊವೇನಿಯಾದ ತ್ಸೆರ್ಕ್ನಿತ್ಸಾ ಸರೋವರ ಇದಕ್ಕೆ ಹೆಸರಾಂತ ಉದಾಹರಣೆ. ಮಳೆಗಾಲದಲ್ಲಿ ಹಲವು ಚದರ ಕಿಲೋಮೀಟರ್ ಹರಡಿಕೊಳ್ಳುವ ನೀರು ಬೇಸಿಗೆಯಲ್ಲಿ ನೆಲದ ಬಿಲಗಳೊಳಗೆ ಇಳಿದುಹೋಗಿ ಹುಲ್ಲುಗಾವಲು ಉಳಿಯುತ್ತದೆ. ಅದು ತುಂಬಿ ಬರಿದಾಗುವ ಬಗೆಯನ್ನು ವಿವರಿಸಿದ್ದಕ್ಕಾಗಿ ವಾಲ್ವಾಸೋರ್ ಎಂಬಾತನನ್ನು 1687ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು. ಅಮೆರಿಕದ ಫ್ಲಾರಿಡಾದಲ್ಲಿ ಜಾಕ್ಸನ್ ಸರೋವರ 1999ರಲ್ಲಿ ಹೀಗೆಯೇ ಬಿಲದೊಳಗೆ ಇಳಿಯಿತು. ನಮ್ಮ ಕೆರೆಗಳು ಹಿರಿಯರು ಏರಿ ಹಾಕಿ ಕಟ್ಟಿದವು. ಹುಟ್ಟು ಬೇರೆಯಾದರೂ ಕೆಳಗಿರುವ ಕಲ್ಲು ಅದೇ ಜಾತಿಯದು, ಆದ್ದರಿಂದ ಕಾಯಿಲೆಯೂ ಅದೇ.

ಮುಧೋಳ ಮತ್ತು ಲೋಕಾಪುರದ ನಡುವಿನ ಅಂಥ ಒಂದು ಕೆರೆಯನ್ನು ಪರೀಕ್ಷಿಸಲು ಹೋದಾಗ ನಾನು ಮಾಡಿದ ತಪ್ಪುಗಳು, ಅವುಗಳನ್ನು ಕಂಡುಹಿಡಿದ ಕ್ರಮ ಇಲ್ಲಿವೆ. ಊರಿನ ಹೆಸರು ಬೇಡ. ಕೆರೆಗೆ ಯಂತ್ರ ಇಳಿಸುವ ಎಂಜಿನಿಯರುಗಳಿಗೆ, ಭೂವಿಜ್ಞಾನದ ವಿದ್ಯಾರ್ಥಿಗಳಿಗೆ, ಕೆರೆ ಸಂಘದವರಿಗೆ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ನಾವು ಕೊಡುವ ಬಣ್ಣದ ಚಿತ್ರವನ್ನು ನಂಬಿ ಊರಿನವರು ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿಯುತ್ತಾರೆ, ವಂತಿಗೆ ಎತ್ತುತ್ತಾರೆ. ಆದ್ದರಿಂದ ನೆಲದಲ್ಲಿ ದೋಷವಿದೆ ಎನ್ನುವ ಮೊದಲು ನಮ್ಮ ಅಳತೆಯಲ್ಲಿ ದೋಷವಿಲ್ಲ ಎಂದು ತೋರಿಸುವುದು ನಮ್ಮ ಹೊಣೆ.

ಕೆರೆ ನಿಜವಾಗಿ ಸೋರುತ್ತಿದೆಯೇ?

ಹಿಂಗಾರಿನಲ್ಲಿ ಕೋಡಿ ಬಿದ್ದ ಕೆರೆ ಸಂಕ್ರಾಂತಿಯ ಹೊತ್ತಿಗೆ ಅರ್ಧವಾಗಿತ್ತು ಎಂಬುದು ದೂರು. ದೂರು ಕೇಳಿದ ಕೂಡಲೇ ಕೇಬಲ್ ಬಿಚ್ಚಬಾರದು. ನೀರು ಕೆರೆಯಿಂದ ಹೋಗುವ ದಾರಿಗಳು ಹಲವು: ಬಿಸಿಲಿಗೆ ಆವಿಯಾಗಿ, ತೂಬಿನಿಂದ, ದಂಡೆಯ ಮೇಲೆ ಕೂರಿಸಿದ ಪಂಪ್‌ಸೆಟ್ಟುಗಳಿಂದ, ಏರಿಯ ಮೈಯಿಂದ ಜಿನುಗಿ, ಕೊನೆಗೆ ತಳದಿಂದ. ತೂಬಿನ ಬಾಯಿ ಗಟ್ಟಿಯಾಗಿ ಮುಚ್ಚಿದೆಯೇ ಎಂದು ಹೊರಬದಿಯ ಕಾಲುವೆಗೆ ಇಳಿದು ನೋಡಿ. ಏರಿಯ ಹಿಂಬದಿ ನಡೆಯಿರಿ. ಸುತ್ತಲೂ ಒಣಗಿರುವಾಗ ಒಂದೇ ಕಡೆ ಹಸಿರು ಜೊಂಡು ಎದ್ದಿದ್ದರೆ ಸೋರಿಕೆ ಅಲ್ಲಿದೆ. ಅದಕ್ಕೆ ಭೂಭೌತ ಸಮೀಕ್ಷೆಯ ಅಗತ್ಯವೇ ಇಲ್ಲ.

ಆವಿಯ ಲೆಕ್ಕಕ್ಕೆ ನಾನು ನಂಬುವುದು ಅಗಲ ಬಾಯಿಯ ಟಬ್ಬನ್ನು. ಅದಕ್ಕೆ ಕೆರೆಯದೇ ನೀರು ತುಂಬಿಸಿ, ದಡದ ಹತ್ತಿರದ ತೆಳು ನೀರಿನಲ್ಲಿ ಕಲ್ಲು ಒತ್ತಿ ನಿಲ್ಲಿಸಿ, ದನಕರು ಬಾಯಿ ಹಾಕದಂತೆ ಸುತ್ತ ಮುಳ್ಳು ಇಡುತ್ತೇನೆ. ಕೆರೆಯ ನೀರಿನಲ್ಲೇ ನಿಂತಿರುವುದರಿಂದ ಟಬ್ಬಿನ ನೀರಿನ ಬಿಸಿಯೂ ಕೆರೆಯ ನೀರಿನ ಬಿಸಿಯೂ ಹೆಚ್ಚುಕಡಿಮೆ ಒಂದೇ. ಜನವರಿಯ ಆ ವಾರ ಟಬ್ಬಿನಲ್ಲಿ ದಿನಕ್ಕೆ ಸುಮಾರು 6 ಮಿಲಿಮೀಟರ್ ಇಳಿಯಿತು, ಕೆರೆಯ ಅಳತೆಗೋಲಿನಲ್ಲಿ 31. ಉಳಿದ 25 ಮಿಲಿಮೀಟರ್ ಕೇಳುವುದಕ್ಕೆ ಸಣ್ಣದು. ಆದರೆ ಆ ಕೆರೆಯ ಹರವು 12 ಹೆಕ್ಟೇರ್. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಎಂದರೆ 10,000 ಲೀಟರ್. ಗುಣಿಸಿದರೆ ದಿನಕ್ಕೆ 30 ಲಕ್ಷ ಲೀಟರ್ ಕಾಣದ ದಾರಿಯಲ್ಲಿ ಹೋಗುತ್ತಿತ್ತು.

ಇನ್ನೊಂದು ಸುಲಭದ ಪರೀಕ್ಷೆ ರಾತ್ರಿಯದು. ಗಾಳಿಯಿಲ್ಲದ ಚಳಿಯ ರಾತ್ರಿಯಲ್ಲಿ ಆವಿಯಾಗುವುದು ತೀರ ಕಡಿಮೆ. ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ, ಪಂಪುಗಳು ನಿಂತಿರುವಾಗಲೂ ಹಗಲಿನ ವೇಗದಲ್ಲೇ ಮಟ್ಟ ಇಳಿಯುತ್ತಿದ್ದರೆ ನೀರು ಬಿಸಿಲಿಗೆ ಹೋಗುತ್ತಿಲ್ಲ, ನೆಲಕ್ಕೆ ಹೋಗುತ್ತಿದೆ.

ಇವೆಲ್ಲಕ್ಕಿಂತ ಹೆಚ್ಚು ಹೇಳುವುದು ತಾಳ್ಮೆಯಿಂದ ಬರೆದಿಟ್ಟ ದಿನವಹಿ. ದಿನದ ಇಳಿಕೆಯನ್ನು ಅಂದಿನ ಮಟ್ಟದ ಎದುರು ಗುರುತಿಸುತ್ತ ಹೋಗಿ. ನೀರು ಇಡೀ ತಳದಿಂದ ಹರಡಿಕೊಂಡು ಇಂಗುತ್ತಿದ್ದರೆ ಮಟ್ಟ ತಗ್ಗಿದಂತೆ ಇಳಿಕೆಯ ವೇಗವೂ ಮೆಲ್ಲಗೆ ತಗ್ಗುತ್ತದೆ. ಒಂದೇ ಬಿಲದಿಂದ ಹೋಗುತ್ತಿದ್ದರೆ ನೀರು ಆ ಬಿಲದ ಬಾಯಿಗಿಂತ ಕೆಳಗೆ ಬಂದ ದಿನ ವೇಗ ತಟ್ಟನೆ ಮುರಿಯುತ್ತದೆ. ನಮ್ಮ ಕೆರೆಯಲ್ಲಿ ಅಳತೆಗೋಲಿನ 1.8 ಮೀಟರ್ ಗೆರೆಯವರೆಗೆ ದಿನಕ್ಕೆ 30ರ ಆಸುಪಾಸು ಇದ್ದದ್ದು, ಅದರ ಕೆಳಗೆ 9ಕ್ಕೆ ಬಿತ್ತು. ಬಿಲ ಎಲ್ಲಿದೆ ಎಂದು ಗೊತ್ತಾಗಲಿಲ್ಲ, ಎಷ್ಟು ಎತ್ತರದಲ್ಲಿದೆ ಎಂದು ಗೊತ್ತಾಯಿತು. ಆದರೆ ಈ ಮುರಿವು ಕಂಡದ್ದು ಫೆಬ್ರವರಿ ಕೊನೆಯಲ್ಲಿ. ಅಷ್ಟರೊಳಗೆ ನಾನು ಯಂತ್ರಗಳನ್ನು ಇಳಿಸಿ ಬೇರೆ ಜಾಗವನ್ನು ತೋರಿಸಿಯಾಗಿತ್ತು.

ಮಟ್ಟದ ಗ್ರಾಫು ದಿನಕ್ಕೆರಡು ಸಲ ಏರಿಳಿಯುತ್ತಿದ್ದರೆ

ನೀರಿನಲ್ಲಿ ಮುಳುಗಿಸಿಡುವ ಒತ್ತಡದ ಲಾಗರ್ ಹದಿನೈದು ನಿಮಿಷಕ್ಕೊಮ್ಮೆ ಮಟ್ಟ ಬರೆದುಕೊಳ್ಳುತ್ತದೆ. ಒಂದು ವಾರದ ನಂತರ ತೆಗೆದು ನೋಡಿದರೆ ಕೆರೆ ದಿನಕ್ಕೆ ಎರಡು ಸಲ ಮೂರು ನಾಲ್ಕು ಸೆಂಟಿಮೀಟರ್ ಉಬ್ಬಿ ಇಳಿಯುತ್ತಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿಕೆ, ಸಂಜೆ ನಾಲ್ಕಕ್ಕೆ ಇಳಿಕೆ, ರಾತ್ರಿ ಹತ್ತಕ್ಕೆ ಮತ್ತೆ ಏರಿಕೆ, ನಸುಕಿನ ನಾಲ್ಕಕ್ಕೆ ಮತ್ತೆ ಇಳಿಕೆ. ಕಾರ್ಸ್ಟ್ ನೆಲದಲ್ಲಿ ತಾಳ ಹಿಡಿದಂತೆ ಉಕ್ಕಿ ತಗ್ಗುವ ಬುಗ್ಗೆಗಳು ನಿಜವಾಗಿಯೂ ಇವೆ. ಅದನ್ನು ಓದಿದವರಿಗೆ ಇಂಥ ಗ್ರಾಫು ಕಂಡರೆ ಮೈ ಜುಮ್ಮೆನ್ನುತ್ತದೆ. ನನ್ನ ಜೊತೆಗಿದ್ದ ವಿದ್ಯಾರ್ಥಿ ಆಗಲೇ ಕೆರೆಯಡಿಯ ಗುಹೆಯ ನಕ್ಷೆ ಬಿಡಿಸಲು ಕೂತಿದ್ದ.

ಅದು ಕೆರೆಯ ಏರಿಳಿತವಲ್ಲ, ಗಾಳಿಯದು. ನಮ್ಮಂಥ ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಸಲ ಏರಿಳಿಯುತ್ತದೆ, ಸರಿಸುಮಾರು ಈ ಹೊತ್ತುಗಳಲ್ಲೇ, ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್‌ನಷ್ಟು. ಒಂದು ಹೆಕ್ಟೋಪ್ಯಾಸ್ಕಲ್ ಎಂದರೆ 1.02 ಸೆಂಟಿಮೀಟರ್ ನೀರಿನ ಭಾರ. ಗಾಳಿಯ ನಳಿಕೆ ಇಲ್ಲದ ಲಾಗರ್ ತನ್ನ ಮೇಲಿನ ನೀರನ್ನೂ ಆ ನೀರಿನ ಮೇಲಿನ ಗಾಳಿಯನ್ನೂ ಕೂಡಿಸಿಯೇ ತೂಗುತ್ತದೆ. ಅದೇ ಜಾತಿಯ ಇನ್ನೊಂದು ಲಾಗರನ್ನು ದಡದ ಬೇವಿನ ಮರದ ನೆರಳಲ್ಲಿ ತೂಗುಹಾಕಿ, ಒಂದರಿಂದ ಇನ್ನೊಂದನ್ನು ಕಳೆದಾಗ ಏರಿಳಿತ ಅಳಿಸಿಹೋಗಿ ಒಂದೇ ಓರೆಯ ಇಳಿಕೆ ಉಳಿಯಿತು. ನೆರಳು ಮುಖ್ಯ. ಬಿಸಿಲಿಗೆ ಕಾದ ಲಾಗರ್ ತನ್ನದೇ ಸುಳ್ಳು ಸೇರಿಸುತ್ತದೆ.

ಎರಡನೆಯ ಲಾಗರ್ ಇಲ್ಲದಿದ್ದಾಗ ಹವಾಮಾನ ಕೇಂದ್ರದ ಅಂಕಿ ತರುವವರು ಎರಡು ಕಡೆ ಎಡವುತ್ತಾರೆ. ಬೆಳಗಾವಿ ಬಾಗಲಕೋಟೆಗಿಂತ ಸುಮಾರು ಇನ್ನೂರು ಮೀಟರ್ ಎತ್ತರದಲ್ಲಿದೆ, ಅಲ್ಲಿನ ಒತ್ತಡ ಇಲ್ಲಿನದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಹೆಕ್ಟೋಪ್ಯಾಸ್ಕಲ್ ಕಡಿಮೆ. ಇನ್ನು, ಪ್ರಕಟವಾಗುವ ಅಂಕಿ ಬಹಳ ಸಲ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಬಾಗಲಕೋಟೆಯ ಎತ್ತರದಲ್ಲಿ ಅದನ್ನು ಹಾಗೇ ಬಳಸಿದರೆ ಅರ್ಧ ಮೀಟರಿಗೂ ಮೀರಿದ ತಪ್ಪು. ಏರಿಳಿತದ ಆಕಾರಕ್ಕೆ ಮಾತ್ರ ಆ ಅಂಕಿಯನ್ನು ಬಳಸಿ. ಮಟ್ಟದ ಸೊನ್ನೆಯನ್ನು ಕೈಯಿಂದ ಓದಿದ ಅಳತೆಗೋಲಿಗೇ ಕಟ್ಟಿಹಾಕಿ. ಜಿಪಿಎಸ್ ಕೊಡುವ ಎತ್ತರವನ್ನೂ ಇಲ್ಲಿ ಬೆರೆಸಬೇಡಿ. ಅದು ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಕಲ್ಪಿಸಿಕೊಂಡ ದೀರ್ಘವೃತ್ತಗೋಳದ ಮೇಲಿನ ಎತ್ತರ, ನಮ್ಮ ಭಾಗದಲ್ಲಿ ಸಮುದ್ರಮಟ್ಟದ ಲೆಕ್ಕಕ್ಕಿಂತ ಹತ್ತಾರು ಮೀಟರ್ ಕಡಿಮೆ ತೋರಿಸುತ್ತದೆ. ಆಲಮಟ್ಟಿಯ ಹಿನ್ನೀರು 519.60 ಮೀಟರ್ ತಲುಪಿದಾಗ ನಮ್ಮ ಕೆರೆಗೆ ಪರಿಣಾಮ ಆಗುತ್ತದೆಯೇ ಎಂದು ಹೋಲಿಸಲು ಹೊರಟವರು ಎರಡು ಬೇರೆ ಸೊನ್ನೆಗಳನ್ನು ಹೋಲಿಸುತ್ತ ಕೂರುತ್ತಾರೆ.

ಬಿದಿರಿನ ಗಳು ಒಂದು ಹೇಳುತ್ತದೆ, ಎಕೋ ಸೌಂಡರ್ ಇನ್ನೊಂದು

ಹರಿಗೋಲಿಗೆ, ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್ ಕಟ್ಟಿ ಕೆರೆಯ ನಡುವೆ ಹೋದೆವು. ಯಂತ್ರ 2.1 ಮೀಟರ್ ಎಂದಿತು. ಹರಿಗೋಲು ನಡೆಸುತ್ತಿದ್ದವರು ಗಳು ಊರಿ ನೋಡಿದರೆ 2.9. ಇಲ್ಲಿ ಯಂತ್ರ ಕೆಟ್ಟಿಲ್ಲ, ಗಳುವೂ ಸುಳ್ಳು ಹೇಳುತ್ತಿಲ್ಲ. 200 ಕಿಲೋಹರ್ಟ್ಸ್ ಶಬ್ದ ನೀರಿನಂಥ ಮೆತ್ತನೆಯ ಹೂಳಿನ ಮೇಲ್ಮೈಯಿಂದಲೇ ಹಿಂದಿರುಗುತ್ತದೆ, ಗಳು ಗಟ್ಟಿ ನೆಲ ಸಿಗುವವರೆಗೆ ಇಳಿಯುತ್ತದೆ. ನಡುವಿನ 80 ಸೆಂಟಿಮೀಟರ್ ನಾವು ಹುಡುಕಿ ಬಂದ ಹೂಳು. ಎರಡು ಆವರ್ತನಗಳ ಯಂತ್ರವಿದ್ದರೆ ಕೆಳ ಆವರ್ತನದ್ದು, ಅಂದರೆ 30 ಕಿಲೋಹರ್ಟ್ಸ್ ಆಸುಪಾಸಿನದು, ಆ ಗಟ್ಟಿ ನೆಲವನ್ನು ತೋರಿಸಬಲ್ಲದು.

ತೋರಿಸದಿದ್ದರೆ? ಕೆಳಗೆಲ್ಲ ಮಬ್ಬು ಕವಿದ ಪರದೆಯಂತೆ ಕಂಡರೆ ಅನಿಲವನ್ನು ಶಂಕಿಸಿ. ಕೊಳೆತ ಜೊಂಡು ತುಂಬಿದ ಹೂಳಿನಲ್ಲಿ ಮೀಥೇನ್ ಗುಳ್ಳೆ ಸಿಕ್ಕಿಕೊಂಡಿರುತ್ತದೆ, ಸ್ವಲ್ಪ ಗುಳ್ಳೆಯಿದ್ದರೂ ಶಬ್ದ ಕೆಳಗಿಳಿಯುವುದಿಲ್ಲ. ಪರೀಕ್ಷೆ ಸರಳ: ಗಳುವಿನಿಂದ ತಳವನ್ನು ತಿವಿಯಿರಿ, ಬುಳುಬುಳು ಎಂದು ಗುಳ್ಳೆ ಎದ್ದರೆ ಅದೇ ಕಾರಣ. ಅಲ್ಲಿ ಯಂತ್ರದ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ. ಪಿವಿಸಿ ಪೈಪ್ ಒತ್ತಿ ಹೂಳಿನ ಮಾದರಿ ತೆಗೆದುಕೊಳ್ಳಿ, ಒತ್ತುವಾಗ ಹೂಳು ಕುಗ್ಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ತಳದ ಕೆಳಗೆ ಸರಿಯಾಗಿ ಎರಡು ಪಟ್ಟು ಆಳದಲ್ಲಿ ಇನ್ನೊಂದು ತಳ ಕಂಡರೆ ಅದು ಹೂಳಿನಡಿಯ ಕಲ್ಲಲ್ಲ. ಶಬ್ದ ತಳ ಮತ್ತು ನೀರಿನ ಮೇಲ್ಮೈ ನಡುವೆ ಎರಡು ಸಲ ಓಡಾಡಿ ಬಂದ ಮರುಪ್ರತಿಧ್ವನಿ. ಹರಿಗೋಲು ದಡದ ಕಡೆ ಬಂದಂತೆ ಅದರ ಇಳಿಜಾರು ನಿಜವಾದ ತಳದ ಎರಡರಷ್ಟು ಇರುತ್ತದೆ, ಹಾಗೆ ಗುರುತಿಸಿ. ಶಬ್ದದ ವೇಗದ ಚಿಂತೆ ನಮ್ಮ ಕೆರೆಗಳಿಗೆ ಬೇಡ. 20 ಡಿಗ್ರಿ ನೀರಿನಲ್ಲಿ ಸೆಕೆಂಡಿಗೆ 1,482 ಮೀಟರ್, 30 ಡಿಗ್ರಿಯಲ್ಲಿ 1,509. ನಾಲ್ಕು ಮೀಟರ್ ಆಳಕ್ಕೆ ಇದರಿಂದ ಬರುವ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ಶಬ್ದ ಹೊರಡಿಸುವ ಮುಖ ನೀರಿನೊಳಗೆ ಎಷ್ಟು ಮುಳುಗಿದೆ ಎಂದು ಬರೆಯಲು ಮರೆತರೆ ಅದಕ್ಕಿಂತ ದೊಡ್ಡ ತಪ್ಪಾಗುತ್ತದೆ.

ರೇಡಾರ್ ಚಿತ್ರದಲ್ಲಿ ಏನೂ ಇಲ್ಲದಿದ್ದರೆ

ನೆಲಕ್ಕೆ ರೇಡಿಯೋ ಅಲೆ ಬಿಡುವ ಜಿಪಿಆರ್ ಯುರೋಪಿನ ತಿಳಿನೀರಿನ ಸರೋವರಗಳಲ್ಲಿ ಹೂಳಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. ಅದನ್ನು ನೋಡಿ ಇಲ್ಲಿಗೆ ತಂದವರಿಗೆ ನಿರಾಸೆಯೇ. ಯಂತ್ರವನ್ನು ಬಾಡಿಗೆಗೆ ತರುವ ಮೊದಲೇ ಒಂದು ಲೆಕ್ಕ ಹಾಕಬಹುದು, ಅದಕ್ಕೆ ಬೇಕಾದದ್ದು ನೀರು ಕರೆಂಟನ್ನು ಎಷ್ಟು ಹರಿಯಬಿಡುತ್ತದೆ ಎಂದು ಅಳೆಯುವ, ಜೇಬಿನಲ್ಲಿಡುವ ವಾಹಕತೆಯ ಮೀಟರ್ ಮಾತ್ರ. ನಮ್ಮ ಕೆರೆಯ ನೀರಿನ ವಾಹಕತೆ ಸೆಂಟಿಮೀಟರಿಗೆ 500 ಮೈಕ್ರೋಸೀಮೆನ್ಸ್ ಇತ್ತು. ಅಂಥ ನೀರಿನಲ್ಲಿ ರೇಡಾರ್ ಅಲೆ ಮೀಟರಿಗೆ ಸುಮಾರು 9 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಐದು ಮೀಟರ್ ಹೋಗಿ ಬರುವಷ್ಟರಲ್ಲಿ 90 ಡೆಸಿಬೆಲ್. ನೀರಿನಲ್ಲೇ ಸೊರಗಿದ ಅಲೆ ಹೂಳಿನ ಒಳಗಿನ ಸುದ್ದಿ ತರಲಾರದು. ಒಣದಡದ ಎರೆಮಣ್ಣಿನ ಮೇಲೆ ಇನ್ನೂ ಕಷ್ಟ, ಹಸಿ ಎರೆಮಣ್ಣು ಒಂದು ಮೀಟರಿನೊಳಗೇ ಅಲೆಯನ್ನು ನುಂಗಿಬಿಡುತ್ತದೆ.

ಚಿತ್ರ ಬಂದರೂ ಆಳ ಮೂರು ಪಟ್ಟು ಹೆಚ್ಚು ಕಾಣುತ್ತಿದ್ದರೆ ವೇಗದ ಅಂಕಿ ನೋಡಿ. ತಂತ್ರಾಂಶದಲ್ಲಿ ಮೊದಲೇ ಇರುವ 0.1 ಮೀಟರ್ ಪ್ರತಿ ನ್ಯಾನೋಸೆಕೆಂಡ್ ಒಣಮಣ್ಣಿಗೆ ಸರಿ. ನೀರಿನಲ್ಲಿ ಅದು 0.033.

ರೆಸಿಸ್ಟಿವಿಟಿ: ನಾನು ತಪ್ಪಿದ ಜಾಗ

ನಮ್ಮ ನೆಲದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ವಿಧಾನ ಇದು, ಹೆಚ್ಚು ಮೋಸವಾಗುವುದೂ ಇದರಲ್ಲೇ. ಎರಡು ಗೂಟಗಳಿಂದ ನೆಲಕ್ಕೆ ಕರೆಂಟ್ ಹರಿಸಿ, ಇನ್ನೆರಡು ಗೂಟಗಳ ನಡುವೆ ವೋಲ್ಟೇಜ್ ಅಳೆಯುತ್ತೇವೆ. ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದು, ಅಂದರೆ ಅದರ ರೋಧಕತೆ, ಇದರಿಂದ ತಿಳಿಯುತ್ತದೆ. 48 ಉಕ್ಕಿನ ಗೂಟಗಳನ್ನು 5 ಮೀಟರಿಗೊಂದರಂತೆ ನೆಟ್ಟರೆ ಸಾಲು 235 ಮೀಟರ್, ಕಾಣುವ ಆಳ ಅದರ ಐದನೇ ಒಂದು ಭಾಗದಷ್ಟು. ಹಸಿ ಎರೆಮಣ್ಣು ಹತ್ತು ಓಂ-ಮೀಟರಿನ ಒಳಗೆ, ಗಟ್ಟಿ ಸುಣ್ಣದಕಲ್ಲು ಸಾವಿರದ ಮೇಲೆ. ಇಷ್ಟು ಅಂತರವಿರುವಾಗ ಕಲ್ಲಿನಲ್ಲಿ ಸೀಳಿದ್ದರೆ ಕಾಣಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ.

ಜನವರಿಯಲ್ಲಿ ನೀರು ಹಿಂದೆ ಸರಿದ ಅಂಗಳದಲ್ಲಿ ಸಾಲು ಹಾಕಿದೆವು. ರಾತ್ರಿ ಮುಧೋಳದ ವಸತಿಗೃಹದಲ್ಲಿ ಕೂತು ಲೆಕ್ಕ ಮಾಡಿದಾಗ, ಚಿತ್ರದಲ್ಲಿ ಹೆಚ್ಚು ರೋಧಕತೆ ತೋರುವ ಕೆಂಪಿನ ನಡುವೆ, ಸಾಲಿನ 150ನೇ ಮೀಟರಿನ ಬಳಿ, ಕಡಿಮೆ ರೋಧಕತೆಯ ನೀಲಿ ಬಾವಿಯೊಂದು ನೆಟ್ಟಗೆ ಇಳಿದಿತ್ತು. ಇಷ್ಟು ಸ್ಪಷ್ಟವಾದ ಚಿತ್ರ ನಾನು ಕಂಡದ್ದು ಕಡಿಮೆ. ಮರುದಿನ ಪಂಚಾಯಿತಿಯವರಿಗೆ ತೋರಿಸಿದೆ. ಸಂಜೆಯೊಳಗೆ ಎಂಟು ಟ್ರ್ಯಾಕ್ಟರ್ ಜೇಡಿಮಣ್ಣು ಬಂದು ಬಿತ್ತು.

ಮಣ್ಣು ಹರಡುವುದನ್ನು ನೋಡುತ್ತ ನಿಂತಿದ್ದ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. "ಸಾಹೇಬರೇ, ಕೆರೆ ಇಳಿದ ಮೇಲೆ ಈ ಜಾಗದಲ್ಲಿ ಎರಡು ವರ್ಷ ನಾನು ಕಡಲೆ ಹಾಕಿದ್ದೇನೆ. ಇಲ್ಲಿ ನೀರು ನಿಂತರೆ ಎಂಟು ದಿನವಾದರೂ ಆರುವುದಿಲ್ಲ. ಕೆಳಗೆ ಬಿಲ ಇದ್ದಿದ್ದರೆ ನಿಲ್ಲುತ್ತಿತ್ತೇ?"

"ಇಲ್ಲ ಅಜ್ಜಾ, ನಿಲ್ಲುತ್ತಿರಲಿಲ್ಲ" ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ. ಕೆಲಸ ನಿಲ್ಲಿಸಲು ಹೇಳಿ ಅಳತೆಯ ಕಡತವನ್ನು ಮೊದಲಿನಿಂದ ತೆಗೆದೆ.

ಗೂಟ ಮತ್ತು ಮಣ್ಣಿನ ನಡುವಿನ ಸಂಪರ್ಕ ರೋಧ ಉಳಿದೆಲ್ಲ ಕಡೆ 400ರಿಂದ 800 ಓಂ ಇತ್ತು. 31ನೇ ಗೂಟದಲ್ಲಿ 11,000. ಯಂತ್ರ ಎಚ್ಚರಿಕೆ ಕೊಟ್ಟಿತ್ತು, ಹೊತ್ತು ಮುಳುಗುತ್ತಿದೆ ಎಂದು ನಾವು ಮುಂದೆ ಸಾಗಿದ್ದೆವು. ಹೋಗಿ ಗೂಟವಿದ್ದ ಜಾಗ ನೋಡಿದೆ. ಎರೆಮಣ್ಣು ಒಣಗುತ್ತ ಬಿರಿಯತೊಡಗಿತ್ತು, ಗೂಟ ನೇರವಾಗಿ ಬಿರುಕಿನೊಳಗೆ ಇಳಿದಿತ್ತು. ಒಂದು ಬದಿ ಮಾತ್ರ ಮಣ್ಣಿಗೆ ತಾಗಿತ್ತು, ಇನ್ನೊಂದು ಬದಿಯಲ್ಲಿ ನನ್ನ ಕಿರುಬೆರಳು ಸಲೀಸಾಗಿ ಇಳಿಯುವಷ್ಟು ಗಾಳಿ. ಕೈಯಿಂದ ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು.

ಒಂದು ಗೂಟ ಕೆಟ್ಟರೆ ಅದು ಪಾಲ್ಗೊಂಡ ಎಲ್ಲ ಅಳತೆಗಳೂ ಕೆಡುತ್ತವೆ. ಕಚ್ಚಾ ಅಂಕಿಗಳ ಚಿತ್ರದಲ್ಲಿ ಅವು ಆ ಗೂಟದಿಂದ ಎರಡು ಬದಿಗೆ ಓರೆಯಾಗಿ ಇಳಿಯುವ ಎರಡು ಪಟ್ಟಿಗಳಾಗಿ ಕಾಣುತ್ತವೆ, ಕಾಲು ಅಗಲಿಸಿ ನಿಂತ ಮನುಷ್ಯನ ಹಾಗೆ. ಅಂಕಿಗಳಿಂದ ನೆಲದ ರಚನೆಯನ್ನು ಊಹಿಸುವ ತಂತ್ರಾಂಶಕ್ಕೆ ಗೂಟ ಸಡಿಲವೆಂದು ಗೊತ್ತಿಲ್ಲ. ಆ ಎರಡು ಪಟ್ಟಿಗಳಿಗೆ ಹೊಂದುವ ನೆಲವೊಂದನ್ನು ಅದು ಕಟ್ಟಿಕೊಡುತ್ತದೆ. ಆ ನೀಲಿ ಬಾವಿ ಹುಟ್ಟಿದ್ದು ಹಾಗೆ. ಆದ್ದರಿಂದ ನುಣುಪಾದ ಕೊನೆಯ ಚಿತ್ರವನ್ನು ನೋಡುವ ಮೊದಲು ಕಚ್ಚಾ ಚಿತ್ರವನ್ನು ನೋಡಿ. ಅಲ್ಲಿ ಓರೆಪಟ್ಟಿ ಇದ್ದರೆ ಆ ಗೂಟದ ಅಳತೆಗಳನ್ನೆಲ್ಲ ಕಿತ್ತುಹಾಕಿ ಮತ್ತೆ ಲೆಕ್ಕ ಮಾಡಿ. ಬಾವಿ ಮಾಯವಾದರೆ ಅದು ಎಂದೂ ಇರಲಿಲ್ಲ.

ಎರೆಮಣ್ಣಿನಲ್ಲಿ ಗೂಟ ನೆಡುವಾಗ ಬಿರುಕಿನಿಂದ ಒಂದು ಗೇಣು ಸರಿಸಿ ನೆಡಿ, ಉಪ್ಪುನೀರು ಹನಿಸಿ, ಹಸಿಮಣ್ಣನ್ನು ಬುಡಕ್ಕೆ ಕಾಲಿನಿಂದ ಒತ್ತಿ. ಬಿರುಕಿಗೆ ಬಿಂದಿಗೆಗಟ್ಟಲೆ ನೀರು ಸುರಿಯಬೇಡಿ, ಪಕ್ಕದ ಗೂಟಕ್ಕೂ ಹರಿದು ಎರಡನ್ನೂ ಒಂದಾಗಿಸುತ್ತದೆ. ಅಳತೆ ನಂಬಬಹುದೇ ಎಂದು ತಿಳಿಯಲು ಕರೆಂಟಿನ ಗೂಟ ಮತ್ತು ವೋಲ್ಟೇಜಿನ ಗೂಟಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಅಳೆಯಿರಿ. ಸಿದ್ಧಾಂತದ ಪ್ರಕಾರ ಎರಡೂ ಒಂದೇ ಬರಬೇಕು. ನೂರಕ್ಕೆ ಐದಕ್ಕಿಂತ ಹೆಚ್ಚು ಅಂತರವಿದ್ದ ಅಳತೆಯನ್ನು ನಾನು ಈಗ ಇಟ್ಟುಕೊಳ್ಳುವುದಿಲ್ಲ.

ಅಂಕಿ ಕುಣಿಯುತ್ತಿದ್ದರೆ ಗಡಿಯಾರ ನೋಡಿ. ತ್ರೀ ಫೇಸ್ ಕರೆಂಟ್ ಬಂದು ಸುತ್ತಲಿನ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದ ಕೂಡಲೇ ನೆಲದಲ್ಲಿ 50 ಹರ್ಟ್ಸ್ ಗದ್ದಲ ತುಂಬುತ್ತದೆ. ಯಾವ ಹೊತ್ತಿಗೆ ಕರೆಂಟ್ ಹೋಗುತ್ತದೆ ಎಂದು ರೈತರನ್ನು ಕೇಳಿ, ಆಗ ಅಳೆಯಿರಿ. ಅಂಕಿಗಳು ಋಣವಾಗಿ ಬಂದರೆ ಮೊದಲು ಕೇಬಲ್ ತಿರುಗಾಮುರುಗಾ ಹಾಕಿದ್ದೀರೋ ಎಂದು ನೋಡಿ. ಏರಿಗೆ ಒತ್ತಿ ಸಾಲು ಹಾಕಿದರೆ ಏರಿಯ ಮೈಯೇ ಚಿತ್ರದೊಳಗೆ ಬರುತ್ತದೆ, ತೂಬಿನ ಕಬ್ಬಿಣದ ಪೈಪು ಮತ್ತು ತಂತಿಬೇಲಿಯೂ ಹಾಗೆಯೇ.

ನೀರಿನ ಮೇಲೆ ತೇಲುವ ಕೇಬಲ್ ಬಳಸಿದಾಗ ಪ್ರತಿ ಗೂಟದ ಕೆಳಗಿನ ನೀರಿನ ಆಳವನ್ನೂ ನೀರಿನ ರೋಧಕತೆಯನ್ನೂ ತಂತ್ರಾಂಶಕ್ಕೆ ಕೊಡಲೇಬೇಕು. 500 ಮೈಕ್ರೋಸೀಮೆನ್ಸ್ ನೀರು ಎಂದರೆ 20 ಓಂ-ಮೀಟರ್. ಕರೆಂಟಿನ ಬಹುಪಾಲು ಆ ನೀರಿನಲ್ಲೇ ಹರಿಯುತ್ತದೆ, ಅದನ್ನು ಕಳೆಯದಿದ್ದರೆ ಕೆರೆಯ ಆಳದ ಏರುಪೇರು ತಳದ ಕಲ್ಲಿನ ಏರುಪೇರಾಗಿ ಕಾಣುತ್ತದೆ. ಚಳಿಗಾಲದ ಚಿತ್ರವನ್ನು ಬೇಸಿಗೆಯದರ ಜೊತೆ ಹೋಲಿಸುವವರು ಬಿಸಿಯನ್ನೂ ನೆನಪಿಡಬೇಕು. ಬಿಸಿ ಏರಿದ ಪ್ರತಿ ಡಿಗ್ರಿಗೆ ರೋಧಕತೆ ನೂರಕ್ಕೆ ಎರಡರಷ್ಟು ಇಳಿಯುತ್ತದೆ.

ಅಳತೆ ಸರಿಯಿದ್ದೂ ಅರ್ಥ ತಪ್ಪಿದರೆ

ಗೂಟಗಳೆಲ್ಲ ಗಟ್ಟಿಯಾಗಿದ್ದರೂ ನೀಲಿಬಣ್ಣ ಬಿಲವೆಂದೇನೂ ಅಲ್ಲ. ನೀರು ತುಂಬಿದ ಬಿಲ, ಜೇಡಿ ತುಂಬಿ ಭದ್ರವಾಗಿ ಮುಚ್ಚಿಹೋದ ಹಳೆಯ ಬಿಲ, ಕಲಾದಗಿ ಶ್ರೇಣಿಯಲ್ಲಿ ಸುಣ್ಣದಕಲ್ಲಿನ ಜೊತೆಗೇ ಬರುವ ಶೇಲ್ ಪದರ, ಮೂರೂ ಕಡಿಮೆ ರೋಧಕತೆಯವೇ. ಮೊದಲನೆಯದು ಸೋರುತ್ತದೆ, ಎರಡನೆಯದು ಸೋರಿಕೆಯನ್ನು ತಡೆಯುತ್ತದೆ. ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸುವ ಚಿತ್ರವನ್ನು ಒಂಟಿಯಾಗಿ ನಂಬಬಾರದು. ತಾಳಿಕೋಟೆ ಕಡೆಯ ಭೀಮಾ ಶ್ರೇಣಿಯ ಸುಣ್ಣದಕಲ್ಲಿನಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು.

ಹರಿಯುವ ನೀರನ್ನೇ ಹಿಡಿಯುವ ವಿಧಾನ ಸಹಜ ವಿಭವದ, ಅಂದರೆ ನೆಲದಲ್ಲಿ ತಾನಾಗಿ ಹುಟ್ಟುವ ವೋಲ್ಟೇಜಿನ ಅಳತೆ. ನೀರು ಮಣ್ಣಿನ ಸಂದಿಯಲ್ಲಿ ಇಳಿಯುವಾಗ ತನ್ನ ಜೊತೆ ಧನ ಆವೇಶವನ್ನು ಎಳೆದೊಯ್ಯುತ್ತದೆ, ಇಳಿಯುವ ಬಾಯಿಯ ಬಳಿ ಕೆಲವು ಮಿಲಿವೋಲ್ಟ್‌ಗಳ ತಗ್ಗು ಬೀಳುತ್ತದೆ. ಉಕ್ಕಿನ ಗೂಟ ಇದಕ್ಕಾಗದು, ತಾಮ್ರದ ಸಲ್ಫೇಟ್ ತುಂಬಿದ ಮಣ್ಣಿನ ಕುಡಿಕೆ ಬೇಕು. ಇದನ್ನು ಜನವರಿಯಲ್ಲಿ, ಬಿಲದ ಮೇಲೆ ನೀರು ಇನ್ನೂ ನಿಂತಿದ್ದಾಗ ಮಾಡಬೇಕಿತ್ತು. ನೀರು ಇಳಿದ ಮೇಲೆ ಹರಿವಿಲ್ಲ, ಸುಳಿವೂ ಇಲ್ಲ.

ಗುರುತ್ವದ ಸೂಕ್ಷ್ಮ ಅಳತೆಯ ಬಗ್ಗೆ ಕೇಳುವವರಿಗೆ ಒಂದು ಲೆಕ್ಕ. ಎರಡು ಮೀಟರ್ ತ್ರಿಜ್ಯದ, ಗಾಳಿ ತುಂಬಿದ ಗುಹೆಯ ನಡುಬಿಂದು ಐದು ಮೀಟರ್ ಆಳದಲ್ಲಿದ್ದರೆ ಮೇಲೆ ಕಾಣುವ ವ್ಯತ್ಯಾಸ, ಗುರುತ್ವ ಅಳೆಯುವ ಮಾನದಲ್ಲಿ, ಸುಮಾರು 24 ಮೈಕ್ರೋಗ್ಯಾಲ್. ಯಂತ್ರದ ಎತ್ತರದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ 3 ಮೈಕ್ರೋಗ್ಯಾಲ್ ಹೋಯಿತು. ಕೋಣೆಯಷ್ಟು ದೊಡ್ಡ ಗುಹೆಗೆ ಅದು ಸರಿ, ಸಣ್ಣ ಸೀಳಿಗೆ ಅಲ್ಲ.

ನಮ್ಮದು ಸಣ್ಣ ಸೀಳೇ ಆಗಿತ್ತು. ಫೆಬ್ರವರಿ ಕೊನೆಯಲ್ಲಿ ಇಳಿಕೆಯ ವೇಗ ಮುರಿದದ್ದು ಕಂಡ ಕೂಡಲೇ ಹೋಗಿ, 1.8 ಮೀಟರ್ ಮಟ್ಟದ ಗೆರೆ ಹಿಡಿದು ಕೆರೆಯ ಸುತ್ತ ನಡೆದೆವು. ಏರಿಯಿಂದ ದೂರದ ಮೂಲೆಯಲ್ಲಿ, ಹಿಂದಿನ ವರ್ಷ ಹೂಳೆತ್ತುವಾಗ ಯಂತ್ರ ಆಳವಾಗಿ ಬಗೆದಿದ್ದ ಹೊಂಡವಿತ್ತು. ಅದರ ಅಂಚಿನಲ್ಲಿ ಸುಣ್ಣದಕಲ್ಲು ಬೂದುಬಣ್ಣದಲ್ಲಿ ಬಯಲಾಗಿತ್ತು, ಕಲ್ಲಿನಲ್ಲಿ ಅಂಗೈ ಅಗಲದ ಬಿರುಕು. ಸುತ್ತಲಿನ ಒಣಜೊಂಡು, ಜೋಳದ ದಂಟು, ಹರಿದ ಗುಟ್ಕಾ ಚೀಟಿಗಳು ಎಲ್ಲ ಕಡೆಯಿಂದ ಆ ಬಿರುಕಿನತ್ತ ತಲೆ ಮಾಡಿ ಮಲಗಿದ್ದವು, ಬಾಚಣಿಗೆಯಲ್ಲಿ ಬಾಚಿದ ಹಾಗೆ. ಬಿರುಕಿನ ತುಟಿಯಲ್ಲಿ ಹಿಡಿಯಷ್ಟು ಬಸವನಹುಳುವಿನ ಚಿಪ್ಪು ರಾಶಿ ಬಿದ್ದಿತ್ತು. ಇಲ್ಲಿಂದ ನಾನು ತೋರಿಸಿದ ಜಾಗಕ್ಕೆ ಇನ್ನೂರು ಮೀಟರಿಗೂ ಹೆಚ್ಚು ದೂರ. ಮೇಲಾಗಿ, 5 ಮೀಟರ್ ಅಂತರದ ಗೂಟಗಳ ಸಾಲು ಸರಿಯಾಗಿ ಇದರ ಮೇಲೇ ಹಾಯ್ದಿದ್ದರೂ ಅಂಗೈ ಅಗಲದ ಸೀಳು ಅದಕ್ಕೆ ಕಾಣುತ್ತಿರಲಿಲ್ಲ. ಮರುದಿನ 1 ಮೀಟರ್ ಅಂತರದಲ್ಲಿ ಸಾಲು ಹಾಕಿದಾಗ ಸೀಳಿನ ಸುತ್ತ ಜೇಡಿ ಇಳಿದ ಭಾಗ ಕಂಡಿತು, ಉಳಿದ ಹೊಂಡದಲ್ಲಿ ಕಲ್ಲಿನ ಮೇಲೆ ಎಷ್ಟು ಜೇಡಿ ಉಳಿದಿದೆ ಎಂಬುದೂ ಗೊತ್ತಾಯಿತು. ಕೆಲವು ಕಡೆ ಅರ್ಧ ಮೀಟರೂ ಇರಲಿಲ್ಲ.

ಹೂಳೆತ್ತುವುದು ಒಳ್ಳೆಯ ಕೆಲಸ. ಆದರೆ ಸುಣ್ಣದಕಲ್ಲಿನ ಮೇಲಿನ ಕೆರೆಯಲ್ಲಿ ತಳದ ಜೇಡಿಯೇ ಕೆರೆಯ ಮುಚ್ಚಳ. ಅದನ್ನು ಹೂಳೆಂದು ಬಗೆದು ಹೊಲಕ್ಕೆ ಸಾಗಿಸಿದರೆ ಕೆರೆಯ ಬುಡ ತೆರೆದಂತೆ. ಯಂತ್ರ ಇಳಿಸುವ ಮೊದಲು ಜೇಡಿಯ ದಪ್ಪವನ್ನು ಅಳೆದು ಎಲ್ಲಿ ನಿಲ್ಲಿಸಬೇಕೆಂದು ಗೂಟ ಹೊಡೆದು ಕೊಡುವುದು ರೆಸಿಸ್ಟಿವಿಟಿಯ ಅತ್ಯುತ್ತಮ ಉಪಯೋಗ ಎಂದು ನಾನು ಈಗ ನಂಬಿದ್ದೇನೆ.

ಬಿಲ ಸಿಕ್ಕ ಮೇಲೆ

ಜೇಡಿಮಣ್ಣು ಸುರಿದು ಮುಚ್ಚಿದರೆ ಮೊದಲ ಮಳೆಗೆ ಅದೂ ಒಳಗಿಳಿಯುತ್ತದೆ. ಸಡಿಲ ಮಣ್ಣು ತೆಗೆದು, ಸೀಳಿನ ಗಂಟಲಿಗೆ ಸಿಕ್ಕಿಕೊಳ್ಳುವಂಥ ದೊಡ್ಡ ಕಲ್ಲು ಮೊದಲು, ಅದರ ಮೇಲೆ ಚಿಕ್ಕ ಕಲ್ಲು, ಆಮೇಲೆ ಜಲ್ಲಿ, ಮರಳು, ಕೊನೆಗೆ ತೆಳು ಪದರಗಳಲ್ಲಿ ತೇವ ಮಾಡಿ ದಮ್ಮಸ್ಸು ಮಾಡಿದ ಜೇಡಿ. ಪ್ರತಿ ಪದರ ತನ್ನ ಮೇಲಿನದನ್ನು ಜಾರದಂತೆ ಹಿಡಿಯಬೇಕು.

ಮುಚ್ಚುವ ಮೊದಲು ನೀರು ಎಲ್ಲಿಗೆ ಹೋಗುತ್ತಿದೆ ಎಂದು ನೋಡಲೇಬೇಕು. ಕೆರೆಯ ಕೆಳಗಿನ ಊರಿನಲ್ಲಿ ಎರಡು ತೆರೆದ ಬಾವಿಗಳಿವೆ. ಅವುಗಳ ಮಟ್ಟವನ್ನೂ ನಾವು ಜನವರಿಯಿಂದ ಬರೆದಿದ್ದೆವು. ಕೆರೆ 1.8 ಮೀಟರ್ ದಾಟಿ ಕೆಳಗಿಳಿದ ಮೂರು ದಿನಕ್ಕೆ ಒಂದು ಬಾವಿಯ ನೀರು ತಗ್ಗತೊಡಗಿತ್ತು, ಇನ್ನೊಂದು ಹಾಗೆಯೇ ಇತ್ತು. ಮೇಲಿನ ಊರಿಗೆ ಸೋರಿಕೆಯಾದದ್ದು ಕೆಳಗಿನ ಊರಿಗೆ ಸೆಲೆಯಾಗಿತ್ತು. ಎರಡು ಊರಿನವರೂ ಕೆರೆಯ ಏರಿಯ ಮೇಲೆ ಕೂತು ಮಾತಾಡಿದರು. ಬಿರುಕನ್ನು ಪೂರ್ತಿ ಮುಚ್ಚದೆ, ಅದರ ಸುತ್ತ 60 ಸೆಂಟಿಮೀಟರ್ ಎತ್ತರದ ಕಾಂಕ್ರೀಟ್ ಬಳೆ ಕಟ್ಟುವುದೆಂದು ಒಪ್ಪಿದರು. 2.4 ಮೀಟರಿನವರೆಗಿನ ನೀರು ಕೆರೆಯಲ್ಲಿ ನಿಲ್ಲುತ್ತದೆ, ಅದರ ಮೇಲಿನದು ಬಳೆ ತುಂಬಿ ಬಾವಿಯ ದಾರಿ ಹಿಡಿಯುತ್ತದೆ.

ಆ ದಾರಿಯನ್ನು ಉಪ್ಪಿನಿಂದ ಖಚಿತ ಮಾಡಿಕೊಳ್ಳುವ ಕೆಲಸ ಬಾಕಿಯಿದೆ. ಮುಂಗಾರಿಗೆ ನೀರು ಬಳೆ ಹತ್ತಿದ ದಿನ ಬಿರುಕಿಗೆ ಉಪ್ಪುನೀರು ಬಿಟ್ಟು, ಬಾವಿಯ ನೀರಿನ ವಾಹಕತೆಯನ್ನು ಗಂಟೆಗೊಮ್ಮೆ ಬರೆಯಬೇಕು. ಲಾಗರುಗಳೆರಡೂ ಅಲ್ಲೇ ಇವೆ, ಒಂದು ನೀರಿನಲ್ಲಿ, ಒಂದು ಬೇವಿನ ನೆರಳಲ್ಲಿ. ಕಡಲೆ ಹಾಕುತ್ತಿದ್ದ ಅಜ್ಜ ದಿನಾ ಬೆಳಿಗ್ಗೆ ಅಳತೆಗೋಲು ಓದಿ ಮೊಮ್ಮಗನ ಮೊಬೈಲಿನಿಂದ ನನಗೆ ಅಂಕಿ ಕಳುಹಿಸುತ್ತಾರೆ.